ಮೀನು ತಿನ್ನಬಹುದು, ಮೊಟ್ಟೆಯ ಗತಿ ಏನು?

ಮಾನ್ಯ ಸಂಪಾದಕರೇ,

ಕರಾವಳಿಯಲ್ಲಿ ಹಡಗು ಮುಳುಗಿ ಎಣ್ಣೆ ಸೋರಿದಾಗಲೆಲ್ಲ ನಿಮ್ಮ ಪತ್ರಿಕೆಯೂ ಸೇರಿದಂತೆ ಎಲ್ಲ ಪತ್ರಿಕೆಗಳಲ್ಲೂ ಒಂದೇ ಪ್ರಶ್ನೆ ದಪ್ಪ ಅಕ್ಷರದಲ್ಲಿ ಬರುತ್ತದೆ: ‘ಮೀನು ತಿನ್ನಬಹುದೇ?’ ಎರಡು ದಿನ ಬಿಟ್ಟು ‘ಆತಂಕ ಬೇಡ, ತಿನ್ನಬಹುದು’ ಎಂದು ಅಧಿಕಾರಿಗಳ ಹೇಳಿಕೆ ಬರುತ್ತದೆ. ಅಲ್ಲಿಗೆ ಸುದ್ದಿ ಮುಗಿಯಿತು. ದಾವಣಗೆರೆಯಲ್ಲಿ ಮೀನು ಮಾರಿ ಮನೆ ನಡೆಸುವ ನನ್ನಂಥವನಿಗೆ ಆ ಹೇಳಿಕೆ ಬಂದರೆ ಸಾಕು, ಮತ್ತೇನು ಬೇಕು ಎಂದು ನೀವು ಕೇಳಬಹುದು. ನನಗೆ ಸಾಲದು. ತಟ್ಟೆಗೆ ಬಂದ ಮೀನಿನ ಮಾತಾಯಿತು, ಎಣ್ಣೆ ತಾಗಿ ಮೊಟ್ಟೆಯಲ್ಲೇ ಸತ್ತು ತಟ್ಟೆಗೆ ಬರದೇ ಹೋಗುವ ಮೀನಿನ ಲೆಕ್ಕ ಯಾರೂ ಬರೆಯುತ್ತಿಲ್ಲ. ಅದಕ್ಕೇ ಈ ಪತ್ರ. ಉದ್ದವಾದೀತು, ಕತ್ತರಿ ನಿಮ್ಮ ಕೈಯಲ್ಲಿದೆ.

2025ರ ಮುಂಗಾರು ನಮಗೆಲ್ಲ ನೆನಪಿದೆ. ಮೇ 25ರಂದು ಎಂಎಸ್‌ಸಿ ಎಲ್ಸಾ 3 ಎಂಬ ಹಡಗು ಕೊಚ್ಚಿಯ ಆಚೆ ಸಮುದ್ರದಲ್ಲಿ ಮುಳುಗಿತು. 640 ಕಂಟೇನರ್, ಅವುಗಳಲ್ಲಿ ಕೆಲವು ಅಪಾಯಕಾರಿ ಸರಕಿನವು, ಜೊತೆಗೆ ಹಡಗಿನದೇ ಟ್ಯಾಂಕಿನಲ್ಲಿ ಸುಮಾರು 367 ಟನ್ ಫರ್ನೇಸ್ ಆಯಿಲ್, 84 ಟನ್ ಡೀಸೆಲ್. ಅದರ ಬಿಸಿ ಆರುವ ಮೊದಲೇ ಜೂನ್ 9ಕ್ಕೆ ವಾನ್ ಹೈ 503 ಹಡಗಿಗೆ ಬೆಂಕಿ ಬಿತ್ತು, ಬದುಕಿದ ಸಿಬ್ಬಂದಿಯನ್ನು ಮಂಗಳೂರಿಗೆ ತಂದರು. ಟಿವಿಯಲ್ಲಿ ಹೊಗೆ ಕಂಡದ್ದೇ ತಡ, ನನ್ನ ಅಂಗಡಿ ಮುಂದೆ ಮಾತು ಬದಲಾಯಿತು. “ಏನಪ್ಪಾ, ಕೊಚ್ಚಿ ಹತ್ರ ಹಡಗು ಮುಳುಗೈತಂತೆ. ಬಂಗುಡೆ ಬ್ಯಾಡ, ಸೂಳೆಕೆರೆ ಕಾಟ್ಲ ಇದ್ರೆ ಎರಡು ಕೆಜಿ ಕೊಡು” ಎನ್ನುವವರೇ ಎಲ್ಲ.

ಇಲ್ಲೊಂದು ತಮಾಷೆ ಇದೆ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ರಜೆ. ಮಲ್ಪೆ, ಮಂಗಳೂರಿನ ದಕ್ಕೆಗಳಲ್ಲಿ ಬೋಟುಗಳು ಸಾಲಾಗಿ ಕಟ್ಟಿ ನಿಂತಿರುತ್ತವೆ. ಪೂರ್ವ ಕರಾವಳಿಯ ರಜೆ ಜೂನ್ 14ಕ್ಕೆ ಮುಗಿಯುತ್ತದೆ. ಹಾಗಾಗಿ ಜೂನ್ ಕೊನೆಯ ಹೊತ್ತಿಗೆ ನನ್ನ ಐಸ್ ಪೆಟ್ಟಿಗೆಯಲ್ಲಿರುವ ಸಮುದ್ರದ ಮೀನು ಹೆಚ್ಚಾಗಿ ಬಂಗಾಳ ಕೊಲ್ಲಿ ಕಡೆಯದು. ಕೊಚ್ಚಿಯ ಎಣ್ಣೆಗೂ ಅದಕ್ಕೂ ಸಂಬಂಧವೇ ಇಲ್ಲ. ಇದನ್ನು ಗಿರಾಕಿಗಳಿಗೆ ಹೇಳಿದರೆ, “ವ್ಯಾಪಾರ ಮಾಡೋನು ಇನ್ನೇನಂತೀಯ” ಎಂದು ನಗುತ್ತಾರೆ. ನಗಲಿ. ನಾನು ರಸಾಯನಶಾಸ್ತ್ರ ಇಟ್ಟುಕೊಂಡು ಬಿ.ಎಸ್ಸಿ. ಮುಗಿಸಿ, ಕೆಲಸ ಸಿಗದೆ ಅಪ್ಪನ ಅಂಗಡಿಯಲ್ಲಿ ಕೂತವನು. ಓದಿದ್ದು ತಕ್ಕಡಿ ಹಿಡಿಯುವುದಕ್ಕೆ ಉಪಯೋಗಕ್ಕೆ ಬರಲಿಲ್ಲ. ಈ ವಿಷಯಕ್ಕಾದರೂ ಬಂತು.

ತಿನ್ನುವ ಪ್ರಶ್ನೆಯನ್ನು ಮೊದಲು ಮುಗಿಸುತ್ತೇನೆ. ಕಚ್ಚಾ ಎಣ್ಣೆ, ಡೀಸೆಲ್, ಫರ್ನೇಸ್ ಆಯಿಲ್, ಇವೆಲ್ಲ ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಬೆಂಜೀನ್, ಟೊಲುವಿನ್‌ನಂಥ ಹಗುರವಾದವು ನೀರಿನ ಮೇಲಿಂದ ಒಂದೆರಡು ದಿನದಲ್ಲೇ ಆವಿಯಾಗಿ ಹೋಗುತ್ತವೆ. ಹೋಗುವ ಮೊದಲು ಹತ್ತಿರ ಸಿಕ್ಕ ಜೀವಿಗಳನ್ನು ಕೊಲ್ಲುವುದೂ ಅವೇ. ಉಳಿಯುವುದು ಭಾರದವು. ಅವುಗಳಲ್ಲಿ ಪಾಲಿಸೈಕ್ಲಿಕ್ ಆರೋಮ್ಯಾಟಿಕ್ ಹೈಡ್ರೋಕಾರ್ಬನ್ ಎಂಬ ಗುಂಪಿದೆ, ಪಿಎಎಚ್ ಎನ್ನುತ್ತಾರೆ. ಅದರಲ್ಲಿ ಕೆಲವು ಕ್ಯಾನ್ಸರ್ ತರುವಂಥವು. ಬಂಗುಡೆ, ಅಂಜಲ್‌ನಂಥ ಬೆನ್ನೆಲುಬಿನ ಮೀನಿಗೆ ಪಿತ್ತಜನಕಾಂಗ ಇದೆ. ಅದು ಪಿಎಎಚ್ ಅನ್ನು ಒಡೆದು ಪಿತ್ತದ ಮೂಲಕ ಹೊರಹಾಕುತ್ತದೆ. ಆದ್ದರಿಂದ ಮಾಂಸದಲ್ಲಿ ಅದು ಬಹುಕಾಲ ನಿಲ್ಲುವುದಿಲ್ಲ. ಅಧಿಕಾರಿಗಳು ‘ತಿನ್ನಬಹುದು’ ಎನ್ನುವುದಕ್ಕೆ ಈ ಆಧಾರ ಇದೆ, ಸುಮ್ಮನೆ ಹೇಳುವುದಲ್ಲ.

ಆದರೆ ಮರುವಾಯಿ, ನೀಲಿಕಲ್ಲಿನಂಥ ಚಿಪ್ಪುಜೀವಿಗಳ ಕಥೆ ಬೇರೆ. ಅವು ಒಂದೇ ಕಡೆ ಅಂಟಿಕೊಂಡು, ಕೆಸರಿನಲ್ಲಿ ಹುದುಗಿಕೊಂಡು ದಿನವಿಡೀ ನೀರನ್ನು ಸೋಸುತ್ತವೆ. ಪಿಎಎಚ್ ಒಡೆಯುವ ಶಕ್ತಿ ಅವಕ್ಕೆ ಬಹಳ ಕಡಿಮೆ. ಸೋಸಿದ ವಿಷ ಒಳಗೇ ಸೇರಿಕೊಳ್ಳುತ್ತದೆ. ಸಮುದ್ರದ ಮಾಲಿನ್ಯ ಅಳೆಯಲು ಹಲವು ದೇಶಗಳಲ್ಲಿ ಈ ಚಿಪ್ಪುಗಳನ್ನೇ ಪರೀಕ್ಷೆಗೆ ಒಯ್ಯುವುದು ಇದೇ ಕಾರಣಕ್ಕೆ. ಹೇಳಿಕೆ ಕೊಡುವವರು ‘ಮೀನು’ ಎಂದು ಒಟ್ಟಿಗೆ ಹೇಳಿ ಕೈತೊಳೆದುಕೊಳ್ಳದೆ, ಈ ಎರಡನ್ನು ಬೇರೆ ಮಾಡಿ ಹೇಳಿದರೆ ಜನರಿಗೂ ಉಪಕಾರ, ನಮಗೂ ಉಪಕಾರ. ದಾವಣಗೆರೆಯಲ್ಲಿ ಮರುವಾಯಿ ಕೇಳುವವರು ಕಡಿಮೆ, ಕರಾವಳಿಯಿಂದ ಬಂದು ನೆಲೆಸಿದ ಕೆಲವು ಮನೆಯವರು ಮಾತ್ರ. ಕುಂದಾಪುರ, ಕಾರವಾರದಲ್ಲಿ ಹಾಗಲ್ಲ.

ಪರೀಕ್ಷೆ ಹೇಗಿರಬೇಕು ಎಂದರೆ, 2010ರಲ್ಲಿ ಅಮೆರಿಕದವರು ಮಾಡಿದ್ದನ್ನು ನೋಡಬೇಕು. ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ತೇಲುವ ಅಟ್ಟಣೆಯಿಂದ ಕೊರೆಯುತ್ತಿದ್ದ ಎಣ್ಣೆ ಬಾವಿ ಸಿಡಿದು 11 ಜನ ಸತ್ತರು, 87 ದಿನ ಎಣ್ಣೆ ಹರಿಯಿತು. ಕೊಲ್ಲಿಯಲ್ಲಿ ಅವರ ಪಾಲಿನ ಸಮುದ್ರದ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಭಾಗವನ್ನು ಮೀನುಗಾರಿಕೆಗೆ ಮುಚ್ಚಿದರು. ಮತ್ತೆ ತೆರೆಯುವ ಮೊದಲು ಪ್ರಯೋಗಾಲಯದ ಪರೀಕ್ಷೆಯ ಜೊತೆಗೆ ಮೂಗಿನ ಪರೀಕ್ಷೆಯನ್ನೂ ಇಟ್ಟರು. ತರಬೇತಾದ ಜನ ಮೀನನ್ನು ಹಸಿಯಾಗಿ ಒಮ್ಮೆ, ಬೇಯಿಸಿ ಒಮ್ಮೆ ಮೂಸಿ ನೋಡಿ, ಎಣ್ಣೆಯ ವಾಸನೆ ಇಲ್ಲ ಎಂದ ಮೇಲೆ ಉಳಿದದ್ದು. ಇದನ್ನು ಓದಿ ನನಗೆ ಬಹಳ ಖುಷಿಯಾಯಿತು. ಮೀನಿನ ವ್ಯಾಪಾರದಲ್ಲಿ ಮೂಗಿಗೆ ಇರುವ ಬೆಲೆ ನಮಗೆ ಗೊತ್ತು. ಬೆಳಗಿನ ಜಾವ ಹುಲಿಕಲ್ ಘಾಟಿ ಹತ್ತಿ ಬಂದ ಗಾಡಿಯ ಬಾಗಿಲು ತೆರೆದ ಕೂಡಲೇ ನಾವು ಮೊದಲು ಮಾಡುವುದು ಮೂಸುವುದನ್ನೇ, ಕಿವಿರು ಎತ್ತಿ ನೋಡುವುದು ಆಮೇಲೆ.

ಇನ್ನು ಮೊಟ್ಟೆಯ ವಿಷಯ.

ಭೂತಾಯಿ (ಸಾರ್ಡಿನ್) ಮೀನೂ ಬಂಗುಡೆಯೂ ನಮ್ಮ ಪಶ್ಚಿಮ ಕರಾವಳಿಯಲ್ಲಿ ಹೆಚ್ಚಾಗಿ ಮೊಟ್ಟೆ ಇಡುವುದು ಮುಂಗಾರಿನಲ್ಲಿ. ಬೋಟುಗಳಿಗೆ ರಜೆ ಕೊಡುವುದಕ್ಕೆ ಕಡಲಿನ ಅಬ್ಬರ ಒಂದು ಕಾರಣ, ಇದು ಇನ್ನೊಂದು. ಒಂದು ಮಿಲಿಮೀಟರಿನ ಆಸುಪಾಸಿನ ಪಾರದರ್ಶಕ ಮೊಟ್ಟೆ. ನೀರಿನ ಮೇಲ್ಪದರದಲ್ಲಿ ತೇಲುತ್ತದೆ, ಒಂದು ದಿನದ ಸುಮಾರಿಗೆ ಒಡೆದು ಮರಿ ಹೊರಬರುತ್ತದೆ. ಎಣ್ಣೆ ತೇಲುವುದೂ ಅದೇ ಮೇಲ್ಪದರದಲ್ಲಿ. ಪಿಎಎಚ್‌ಗೆ ನೀರಿಗಿಂತ ಕೊಬ್ಬಿನ ಮೇಲೆ ಒಲವು ಹೆಚ್ಚು, ಮೊಟ್ಟೆಯ ಒಳಗೆ ಮರಿಗೆಂದು ಕಟ್ಟಿಟ್ಟ ಬುತ್ತಿಯಲ್ಲಿ ಕೊಬ್ಬು ತುಂಬಿರುತ್ತದೆ. ನೇರವಾಗಿ ಹೋಗಿ ಅಲ್ಲಿ ಕೂರುತ್ತದೆ.

ಕೂತು ಏನು ಮಾಡುತ್ತದೆ ಎನ್ನುವುದನ್ನು ಅಮೆರಿಕದ ವಿಜ್ಞಾನಿಗಳು ಟ್ಯೂನಾ ಮೀನಿನ ಮೇಲೆ ನೋಡಿ 2014ರಲ್ಲಿ ಪ್ರಕಟಿಸಿದರು. ಹೃದಯದ ಸ್ನಾಯು ಒಮ್ಮೆ ಬಡಿಯಬೇಕಾದರೆ ಜೀವಕೋಶದೊಳಗೆ ಕ್ಯಾಲ್ಸಿಯಂ ಬರಬೇಕು, ಪೊಟ್ಯಾಸಿಯಂ ಹೊರಗೆ ಹೋಗಬೇಕು. ಎಣ್ಣೆಯಲ್ಲಿರುವ ಫಿನಾಂತ್ರೀನ್‌ನಂಥ ಮೂರು ಉಂಗುರದ ಅಣುಗಳು ಈ ಓಡಾಟಕ್ಕೇ ಅಡ್ಡ ನಿಲ್ಲುತ್ತವೆ. ಬಡಿತ ನಿಧಾನವಾಗುತ್ತದೆ, ತಾಳ ತಪ್ಪುತ್ತದೆ. ಇನ್ನೂ ಮೊಟ್ಟೆಯೊಳಗಿರುವ ಭ್ರೂಣದ ಹೃದಯದ ಸುತ್ತ ನೀರು ತುಂಬಿಕೊಳ್ಳುತ್ತದೆ, ದವಡೆ, ಬೆನ್ನುಮೂಳೆ ಸೊಟ್ಟಗಾಗುತ್ತವೆ. ಸಾಯದೆ ಉಳಿದ ಮರಿಯೂ ಪೂರ್ತಿ ಉಳಿದಂತಲ್ಲ. ಹೃದಯ ದುರ್ಬಲವಾದ್ದರಿಂದ ವೇಗವಾಗಿ ಈಜಲಾರದೆ ಇನ್ನೊಂದು ಮೀನಿನ ಬಾಯಿಗೆ ಹೋಗುತ್ತದೆ. ಜೊತೆಗೆ ಬಿಸಿಲಿನ ಕಾಟ. ಪಿಎಎಚ್ ಸೇರಿಕೊಂಡ ಪಾರದರ್ಶಕ ಮರಿಯ ಮೈಮೇಲೆ ಬಿಸಿಲಿನ ನೇರಳಾತೀತ ಕಿರಣ ಬಿದ್ದರೆ ವಿಷದ ಪ್ರಭಾವ ಹಲವು ಪಟ್ಟು ಏರುತ್ತದೆ. ಇದಕ್ಕೆಲ್ಲ ಕಪ್ಪನೆಯ ಎಣ್ಣೆ ದಪ್ಪಗೆ ಕಟ್ಟಬೇಕೆಂದೇನೂ ಇಲ್ಲ. ನೂರು ಕೋಟಿ ಪಾಲು ನೀರಿನಲ್ಲಿ ಕೆಲವೇ ಪಾಲು ಪಿಎಎಚ್ ಇದ್ದರೂ ಭ್ರೂಣಕ್ಕೆ ಹಾನಿಯಾಗುವುದನ್ನು ಪ್ರಯೋಗಗಳಲ್ಲಿ ಕಂಡಿದ್ದಾರೆ. ಕಣ್ಣಿಗೆ ಕಾಣದ ಪ್ರಮಾಣ, ಮೂಗಿಗೂ ಸಿಗುವುದಿಲ್ಲ.

ಈಗ ನಮ್ಮ ಹಡಗುಗಳ ತಾರೀಖು ನೋಡಿ. 2006ರ ಮೇ 30ರಂದು ಓಷನ್ ಸೆರಾಯಾ ಕಾರವಾರದ ಹತ್ತಿರ ಬಂಡೆಗೆ ಬಡಿದು ಒಡೆಯಿತು, ಸುಮಾರು 650 ಟನ್ ಇಂಧನ ತೈಲ ಅದರಲ್ಲಿತ್ತು. ಸೋರಿದ ಎಣ್ಣೆ ಗೋವಾದ ಪೊಳೆಂ, ಗಾಲ್ಜಿಬಾಗ್ ಕಡಲತೀರದವರೆಗೆ ಹೋಯಿತು. ಗಾಲ್ಜಿಬಾಗ್ ಕಡಲಾಮೆ ಮೊಟ್ಟೆ ಇಡುವ ಜಾಗ. 2007ರ ಜೂನ್‌ನಲ್ಲಿ ಮಂಗಳೂರಿನಾಚೆ ಡೆಂಡೆನ್ ಮುಳುಗಿತು. 2022ರ ಜೂನ್ 21ರಂದು ಉಳ್ಳಾಲದ ಬಳಿ ಪ್ರಿನ್ಸೆಸ್ ಮಿರಾಲ್. 8,000 ಟನ್ ಉಕ್ಕಿನ ಸುರುಳಿ, 200 ಟನ್ನಿಗೂ ಮೇಲ್ಪಟ್ಟ ಎಣ್ಣೆ. ಆಮೇಲೆ 2025ರ ಮೇ, ಜೂನ್. ಇವೆಲ್ಲ ಮುಂಗಾರು ಶುರುವಾಗುವ ಹೊತ್ತು. ಗಾಳಿ, ಅಲೆ ಎದ್ದಾಗ ಹಳೆಯ ಹಡಗುಗಳು ಮುಳುಗುವುದು ಸಹಜ ಎನ್ನಬಹುದು. ಆದರೆ ಅಲ್ಲಿ ಮೀನು ಮೊಟ್ಟೆ ಇಡುವ ಕಾಲವೂ ಅದೇ. ಬಡ ಮೀನುಗಾರ ಬಲೆ ಮಡಿಸಿ ಸಾಲದಲ್ಲಿ ಎರಡು ತಿಂಗಳು ಕಳೆಯುವುದು ಯಾವ ಮೊಟ್ಟೆಗಾಗಿಯೋ, ಆ ಮೊಟ್ಟೆಯ ಮೇಲೇ ಎಣ್ಣೆ ಬೀಳುತ್ತದೆ. ಪರಿಹಾರದ ಮಾತು ಬಂದಾಗ ಎಷ್ಟು ದಿನ ಕಡಲಿಗಿಳಿಯಲಿಲ್ಲ ಎಂದು ಲೆಕ್ಕ ಹಾಕುತ್ತಾರೆ. ಮುಂದಿನ ವರ್ಷಗಳಲ್ಲಿ ಬಲೆಗೆ ಬೀಳಬೇಕಿದ್ದ ಮೀನನ್ನು ಯಾವ ಕಾಲಂನಲ್ಲಿ ಬರೆಯುವುದು?

ಅಲಾಸ್ಕದವರು ಇದನ್ನು ಅನುಭವಿಸಿದ್ದಾರೆ. 1989ರ ಮಾರ್ಚ್ 24ರಂದು ಎಕ್ಸಾನ್ ವಾಲ್ಡೀಸ್ ಹಡಗಿನಿಂದ ಸುಮಾರು 37,000 ಟನ್ ಕಚ್ಚಾ ಎಣ್ಣೆ ಚೆಲ್ಲಿತು. ಕಣ್ಣಿಗೆ ಕಂಡ ಸಾವೇ ಲಕ್ಷಗಟ್ಟಲೆ: ಸುಮಾರು ಎರಡೂವರೆ ಲಕ್ಷ ಕಡಲ ಹಕ್ಕಿಗಳು, 2,800ರಷ್ಟು ಕಡಲ ನೀರುನಾಯಿಗಳು ಎಂದು ಅಂದಾಜು. ರೆಕ್ಕೆಗೂ ತುಪ್ಪಳಕ್ಕೂ ಎಣ್ಣೆ ಅಂಟಿದರೆ ಒಳಗಿನ ಬಿಸಿ ನಿಲ್ಲುವುದಿಲ್ಲ, ಚಳಿಗೇ ಸಾಯುತ್ತವೆ. ಕೊಕ್ಕಿನಿಂದ, ನಾಲಿಗೆಯಿಂದ ಶುಚಿ ಮಾಡಿಕೊಳ್ಳಲು ಹೋಗಿ ಎಣ್ಣೆ ಹೊಟ್ಟೆಗೂ ಹೋಗುತ್ತದೆ. ಅದರ ಫೋಟೊಗಳನ್ನು ಜಗತ್ತೆಲ್ಲ ನೋಡಿತು. ಆದರೆ ಹೆರಿಂಗ್ ಎಂಬ ಮೀನು, ನಮ್ಮ ಭೂತಾಯಿಯ ಬಳಗದ್ದೇ, ನಾಲ್ಕು ವರ್ಷ ಕಳೆದು 1993ರಲ್ಲಿ ಕುಸಿದುಬಿತ್ತು. ಇವತ್ತಿಗೂ ಅಲ್ಲಿನ ಹೆರಿಂಗ್ ಮೊದಲಿನಂತಾಗಿಲ್ಲ. ಎಣ್ಣೆಯೊಂದೇ ಕಾರಣವೇ, ರೋಗವೂ ಸೇರಿತೇ ಎಂದು ವಿಜ್ಞಾನಿಗಳು ಇನ್ನೂ ವಾದ ಮಾಡುತ್ತಿದ್ದಾರೆ. ವಾದ ಮಾಡಲಾದರೂ ಅವರ ಬಳಿ ವರ್ಷವರ್ಷದ ಲೆಕ್ಕ ಇದೆ.

ನಾನು ಎಲ್ಲದಕ್ಕೂ ಎಣ್ಣೆಯನ್ನು ದೂರುವವನಲ್ಲ. ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ನಿನ ಹತ್ತಿರ ಸಿಕ್ಕ ಭೂತಾಯಿ 2021ರಲ್ಲಿ ಮೂರೂವರೆ ಸಾವಿರ ಟನ್ನೂ ದಾಟಲಿಲ್ಲ. ಅದಕ್ಕೆ ಕಡಲಿನ ಬಿಸಿ, ಮಳೆಯ ಏರುಪೇರು, ಅತಿಯಾದ ಹಿಡಿಯುವಿಕೆ ಎಂದು ಕಾರಣ ಹೇಳುತ್ತಾರೆ, ಹಡಗಿನ ಹೆಸರಿಲ್ಲ. ಭೂತಾಯಿ ತಾನಾಗಿಯೇ ಏರಿಳಿಯುವ ಮೀನು. ಆದ್ದರಿಂದಲೇ ನನ್ನ ತಕರಾರು ಗಟ್ಟಿಯಾಗುತ್ತದೆ: ಮುಳುಗಿದ ಜಾಗದ ಸುತ್ತ ನೀರು, ಕೆಸರು, ಮೊಟ್ಟೆ, ಮರಿ, ಮರುವಾಯಿ ಇವನ್ನು ವರ್ಷಗಟ್ಟಲೆ ಅಳೆದಿಡದಿದ್ದರೆ, ಮುಂದೆ ಮೀನು ಕಡಿಮೆಯಾದಾಗ ಹಡಗಿನ ಕಂಪನಿ ‘ಬಿಸಿಯಿಂದ ಕಡಿಮೆಯಾಯಿತು’ ಎನ್ನುತ್ತದೆ. ಇಲ್ಲ ಎನ್ನಲು ನಮ್ಮ ಕೈಯಲ್ಲಿ ಕಾಗದವೇ ಇರುವುದಿಲ್ಲ.

ಎಣ್ಣೆ ಕಾಣದಾದರೆ ಹೋಯಿತೆಂದು ತಿಳಿಯುವುದೂ ತಪ್ಪು. ಅಲೆಯ ಹೊಡೆತಕ್ಕೆ ಎಣ್ಣೆಯೂ ನೀರೂ ಸೇರಿ, ಮಜ್ಜಿಗೆ ಕಡೆದಾಗ ಬರುವ ಬೆಣ್ಣೆಯಂತೆ ಕಂದುಬಣ್ಣದ ಮುದ್ದೆಯಾಗುತ್ತದೆ. ಕೊನೆಗೆ ಡಾಂಬರಿನ ಉಂಡೆಗಳಾಗಿ ದಡಕ್ಕೆ ಬರುತ್ತದೆ. ಗೋವಾದಿಂದ ನಮ್ಮ ಉತ್ತರ ಕನ್ನಡದವರೆಗೆ ಮಳೆಗಾಲದ ಹೊತ್ತಿಗೆ ಕಡಲತೀರದಲ್ಲಿ ಓಡಾಡಿದವರ ಕಾಲಿಗೆ ಅಂಟಿರುತ್ತದೆ. ಹೀಗೆ ದಡಕ್ಕೆ ಬರುವುದೆಲ್ಲ ಮುಳುಗಿದ ಹಡಗಿನದಲ್ಲ, ಟ್ಯಾಂಕರುಗಳು ಆಚೆ ಸಮುದ್ರದಲ್ಲಿ ತೊಳೆದು ಬಿಟ್ಟದ್ದೂ ಇರುತ್ತದೆ. ಆಮೆಗಳು ಈ ಉಂಡೆಗಳನ್ನು ಆಹಾರವೆಂದು ನುಂಗುವುದುಂಟು. ಎಣ್ಣೆ ಒಡೆಯುವ ರಾಸಾಯನಿಕ ಸಿಂಪಡಿಸಿದರೆ ಮೇಲಿನ ಪದರ ಚಿಕ್ಕ ಹನಿಗಳಾಗಿ ಕೆಳಗಿಳಿಯುತ್ತದೆ. ದಡಕ್ಕೂ ಹಕ್ಕಿಗೂ ಒಳ್ಳೆಯದು, ನೀರೊಳಗಿನ ಮರಿಗಳಿಗೆ ಕೆಟ್ಟದ್ದು. ಎಣ್ಣೆ ತಿಂದೇ ಬದುಕುವ ಬ್ಯಾಕ್ಟೀರಿಯಾಗಳೂ ಸಮುದ್ರದಲ್ಲಿವೆ, ದೇವರು ದೊಡ್ಡವನು. ಆದರೆ ಅವು ಕೆಲಸ ಮಾಡಲು ಗಾಳಿ ಬೇಕು. ಕೆಸರಿನಡಿ ಗಾಳಿಯಾಡದ ಕಡೆ ಹೂತ ಎಣ್ಣೆ ಹತ್ತಾರು ವರ್ಷ ಹಾಗೇ ಇರುತ್ತದೆ. ಅಲಾಸ್ಕದ ಕಲ್ಲುದಂಡೆಗಳನ್ನು ಅಗೆದರೆ ದಶಕಗಳ ಮೇಲೂ ಸಿಕ್ಕಿದೆ.

ಇಷ್ಟು ಓದಿದ ದಾವಣಗೆರೆಯವರು ‘ಇದೆಲ್ಲ ಕರಾವಳಿಯವರ ತಾಪತ್ರಯ’ ಎಂದುಕೊಂಡರೆ, ಒಂದು ಲೆಕ್ಕ ಹೇಳುತ್ತೇನೆ. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು 2003ರಲ್ಲಿ ಕೊಟ್ಟ ಅಂದಾಜಿನಂತೆ ಜಗತ್ತಿನ ಸಮುದ್ರಗಳಿಗೆ ವರ್ಷಕ್ಕೆ ಸುಮಾರು 13 ಲಕ್ಷ ಟನ್ ಪೆಟ್ರೋಲಿಯಂ ಸೇರುತ್ತದೆ. ಅದರಲ್ಲಿ 6 ಲಕ್ಷ ಟನ್ ಸಮುದ್ರದ ತಳದಿಂದ ತಾನಾಗಿ ಒಸರುವುದು. ಅದು ಯುಗಯುಗಗಳಿಂದ ನಿಧಾನವಾಗಿ ಬರುವ ಎಣ್ಣೆ, ಅಲ್ಲಿನ ಜೀವಿಗಳು ಅದಕ್ಕೆ ಹೊಂದಿಕೊಂಡಿವೆ. ಹಡಗಿನಲ್ಲಿ, ಪೈಪಿನಲ್ಲಿ ಸಾಗಿಸುವಾಗ ಚೆಲ್ಲುವುದು ಒಂದೂವರೆ ಲಕ್ಷ ಟನ್. ನಾವು ಎಣ್ಣೆ ಬಳಸುವಾಗ ಹೋಗುವುದು, ಅಂದರೆ ಊರಿನ ಚರಂಡಿ, ನದಿ, ದೋಣಿಯ ಇಂಜಿನ್ನು, ಹಡಗುಗಳ ದಿನನಿತ್ಯದ ಕೊಳೆನೀರು ಇವೆಲ್ಲ ಸೇರಿ 4 ಲಕ್ಷ 80 ಸಾವಿರ ಟನ್. ಟಿವಿಯಲ್ಲಿ ಬರುವ ಎಣ್ಣೆಯ ಮೂರು ಪಟ್ಟಿಗಿಂತ ಹೆಚ್ಚು, ಟಿವಿಯಲ್ಲಿ ಬರದೇ ಹೋಗುತ್ತದೆ.

ನಮ್ಮ ಪಿ.ಬಿ. ರಸ್ತೆಯ ಆಸುಪಾಸಿನ ಗ್ಯಾರೇಜುಗಳಿಗೆ ಹೋಗಿ ನೋಡಿ. ಲಾರಿ, ಟ್ರ್ಯಾಕ್ಟರ್, ಬೈಕುಗಳಿಂದ ಇಳಿಸಿದ ಕಪ್ಪು ಆಯಿಲ್ ಡಬ್ಬಗಳಲ್ಲಿ ಇರುತ್ತದೆ. ಇಂಜಿನ್ನಿನ ಬಿಸಿಯಲ್ಲಿ ಬೆಂದ ಆಯಿಲ್‌ನಲ್ಲಿ ಹೊಸದಕ್ಕಿಂತ ಪಿಎಎಚ್ ಜಾಸ್ತಿ, ಸವೆದ ಲೋಹದ ಕಣಗಳು ಬೇರೆ. ನನ್ನ ಗಾಡಿಯ ಸರ್ವೀಸಿಗೆ ಹೋದಾಗ ಕೇಳಿದೆ, ಇದನ್ನೇನು ಮಾಡುತ್ತೀರಿ ಎಂದು. “ಸೆಂಟ್ರಿಂಗ್‌ನೋರು ಬಂದ್ರೆ ಒಯ್ತಾರಣ್ಣ, ಹಲಗೆಗೆ ಬಳಿಯಾಕೆ. ಗೆದ್ಲಿಗೂ ಒಯ್ತಾರೆ. ಉಳಿದ್ರೆ ಉಳೀತು, ಮಳೆ ಬಂದ್ರೆ ಅದೇ ಹೋಗುತ್ತೆ” ಎಂದ ಹುಡುಗ. ಅವನ ತಪ್ಪಿಲ್ಲ. ಅವನ ಹತ್ತಿರ ವಾರಕ್ಕೆ ಸೇರುವುದು ಒಂದೆರಡು ಡಬ್ಬ, ಅಷ್ಟಕ್ಕೆ ಯಾವ ಕಂಪನಿಯ ಗಾಡಿಯೂ ಬರುವುದಿಲ್ಲ. ಬಳಸಿದ ಆಯಿಲ್ ಅಧಿಕೃತ ಮರುಸಂಸ್ಕರಣೆಯವರಿಗೇ ಹೋಗಬೇಕೆಂದು 2016ರ ಅಪಾಯಕಾರಿ ತ್ಯಾಜ್ಯ ನಿಯಮ ಹೇಳುತ್ತದೆ. 2024ರ ಏಪ್ರಿಲ್ 1ರಿಂದ ಆಯಿಲ್ ತಯಾರಿಸುವ ಕಂಪನಿಗಳ ಮೇಲೂ ಆ ಹೊಣೆ ಹೊರಿಸಲಾಗಿದೆ. ನಿಯಮ ದೆಹಲಿಯಿಂದ ಹೊರಟಿದೆ, ಆ ಗ್ಯಾರೇಜಿನ ಬಾಗಿಲಿಗೆ ಬಂದಿಲ್ಲ.

ಮಳೆಯಲ್ಲಿ ಹೋದದ್ದು ಎಲ್ಲಿಗೆ ಹೋಗುತ್ತದೆ? ನಮ್ಮ ಭಾಗದ ನೀರು ಇಳಿಯುವುದು ತುಂಗಭದ್ರೆಗೆ. ಮುಂದೆ ಹೊಸಪೇಟೆಯ ಅಣೆಕಟ್ಟಿನಲ್ಲಿ ಒಂದಷ್ಟು ಹೂಳಿನೊಂದಿಗೆ ಕೆಳಗೆ ಕೂರುತ್ತದೆ, ಅದು ಕೆರೆಮೀನು, ಹೊಳೆಮೀನಿನ ಪಾಲು. ಉಳಿದದ್ದು ಕೃಷ್ಣೆ ಸೇರಿ ಬಂಗಾಳ ಕೊಲ್ಲಿಗೆ. ಜೂನ್ ಕೊನೆಯಲ್ಲಿ ನಾನು ‘ಕೊಚ್ಚಿಯದಲ್ಲ, ಧೈರ್ಯವಾಗಿ ಒಯ್ಯಿರಿ’ ಎಂದು ಮಾರುವ ಮೀನು ಬರುವುದೂ ಆ ಕೊಲ್ಲಿಯಿಂದಲೇ.

ಆದ್ದರಿಂದ ನಮ್ಮ ಮಹಾನಗರ ಪಾಲಿಕೆಯವರಲ್ಲಿ ಒಂದು ಕೋರಿಕೆ. ಗ್ಯಾರೇಜುಗಳು ಹೆಚ್ಚಿರುವ ಎರಡು ಮೂರು ಕಡೆ ಬಳಸಿದ ಆಯಿಲ್ ತಂದು ಸುರಿಯಲು ಮುಚ್ಚಳವಿರುವ ಟ್ಯಾಂಕ್ ಇಡಿ, ಲೀಟರಿಗೆ ಇಷ್ಟು ಎಂದು ದುಡ್ಡು ಕೊಡಿ. ಸೆಂಟ್ರಿಂಗ್‌ನವರು ಕೊಡುವುದಕ್ಕಿಂತ ಒಂದು ರೂಪಾಯಿ ಹೆಚ್ಚು ಕೊಟ್ಟರೂ ಸಾಕು, ಹುಡುಗರು ಹೊತ್ತು ತರುತ್ತಾರೆ. ಭಾಷಣ, ಜಾಥಾ ಬೇಡ. ಮೀನುಗಾರಿಕೆ ಇಲಾಖೆಯವರಲ್ಲಿ ಇನ್ನೊಂದು: ಪರೀಕ್ಷೆ ಮಾಡಿಸಿದ್ದರೆ ಅದರ ಅಂಕಿಗಳನ್ನು ಕನ್ನಡದಲ್ಲಿ, ಮೀನು ಬೇರೆ, ಮರುವಾಯಿ ಬೇರೆ ಮಾಡಿ ದಕ್ಕೆಗಳಲ್ಲೂ ಒಳನಾಡಿನ ಮಾರುಕಟ್ಟೆಗಳಲ್ಲೂ ಅಂಟಿಸಿ. ‘ಆತಂಕ ಬೇಡ’ ಎನ್ನುವುದಕ್ಕಿಂತ ಒಂದು ಹಾಳೆ ಕಾಗದ ನನ್ನ ಗಿರಾಕಿಗೆ ಹೆಚ್ಚು ಧೈರ್ಯ ಕೊಡುತ್ತದೆ.

ನಿಮ್ಮಲ್ಲಿಯೂ ಒಂದು ಮಾತು. ಆಗಸ್ಟ್‌ನಲ್ಲಿ ಬೋಟುಗಳು ಕಡಲಿಗಿಳಿಯುವ ದಿನ ನಿಮ್ಮ ಕರಾವಳಿಯ ವರದಿಗಾರರು ಹೇಗೂ ಪೂಜೆಯ ಫೋಟೊ ತೆಗೆಯಲು ದಕ್ಕೆಗೆ ಹೋಗುತ್ತಾರೆ. ಆ ಹೊತ್ತಿಗೆ ನಮ್ಮ ಕಡೆ ಶ್ರಾವಣ, ಮೀನು ಮುಟ್ಟುವವರು ಕಡಿಮೆ, ನನಗೆ ಪತ್ರಿಕೆಯನ್ನು ಪೂರ್ತಿ ಓದಲು ಪುರಸೊತ್ತಿರುತ್ತದೆ. ಉಳ್ಳಾಲದ ಬಳಿ ಮುಳುಗಿದ ಪ್ರಿನ್ಸೆಸ್ ಮಿರಾಲ್ ಸುತ್ತಲಿನ ಕೆಸರನ್ನು, ಮರುವಾಯಿಯನ್ನು ಕೊನೆಯ ಬಾರಿ ಯಾವಾಗ ಪರೀಕ್ಷೆ ಮಾಡಿದರು, ಏನು ಸಿಕ್ಕಿತು ಎಂದು ಅವರು ಅಲ್ಲಿನ ಅಧಿಕಾರಿಗಳನ್ನು ಕೇಳಿ ಬರೆಯಲಿ. ಉತ್ತರ ಸಿಗದಿದ್ದರೆ ಸಿಗಲಿಲ್ಲ ಎಂದೇ ಅಚ್ಚು ಹಾಕಿ.

ಇಂತಿ ತಮ್ಮ ಓದುಗ,
ಒಬ್ಬ ಮೀನು ವ್ಯಾಪಾರಿ
ದಾವಣಗೆರೆ